ಬಾಣಂತಿಯ ನಿದ್ರೆ ಮತ್ತು ಮನೆತನದ ಮೌನ

ಮಗು ಹುಟ್ಟಿದ ಸುದ್ದಿ ಬಂದೊಡನೆ ನಮ್ಮ ಜನ ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವವೇ. ಗಂಡೋ ಹೆಣ್ಣೋ, ತೂಕವೆಷ್ಟು, ಸಹಜ ಹೆರಿಗೆಯೋ ಶಸ್ತ್ರಚಿಕಿತ್ಸೆಯೋ, ಮಗು ಯಾರನ್ನು ಹೋಲುತ್ತದೆ. ಹೆತ್ತವಳು ನಿನ್ನೆ ರಾತ್ರಿ ಎಷ್ಟು ತಾಸು ನಿದ್ರಿಸಿದಳೆಂದು ಕೇಳಿದವರನ್ನು ನಾನು ಕಂಡದ್ದು ತೀರ ವಿರಳ. ಆಕೆಯ ತಾಯಿಗೆ, ಅಜ್ಜಿಗೆ, ಸೋದರತ್ತೆಗೆ ಬಾಣಂತನದಲ್ಲಿ ಮನಸ್ಸು ಹೇಗಿತ್ತೆಂದು ಕೇಳುವವರಂತೂ ಇಲ್ಲವೇ ಇಲ್ಲ. ಹಾಗೆ ಕೇಳುವುದು ಅಪಶಕುನವೆಂದೂ ಅಧಿಕಪ್ರಸಂಗವೆಂದೂ ಎಣಿಸಲ್ಪಡುತ್ತದೆ. ಈ ಎರಡು ಪ್ರಶ್ನೆಗಳನ್ನು, ಅದರಲ್ಲಿಯೂ ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿರುವ ನಾವು, ಕೇಳಲೇಬೇಕೆಂಬುದು ನನ್ನ ವಾದ.

ನಾನು ವೈದ್ಯನಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ವಾಣಿಜ್ಯ ಪದವೀಧರನಾಗಿ, ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸಿ ಜೀವನ ಸಾಗಿಸುತ್ತಿರುವವನು ನಾನು. ಈ ವಿಷಯವಾಗಿ ಓದುವ, ತಿಳಿದವರನ್ನು ಕೇಳುವ ಪ್ರಸಂಗ ಒದಗಿದ್ದು ಮನೆಯ ಕಾರಣದಿಂದ. ಅದನ್ನು ಇಲ್ಲಿ ಬರೆಯಲು ನನ್ನ ಅಕ್ಕನ ಒಪ್ಪಿಗೆಯನ್ನು ಪಡೆದಿದ್ದೇನೆ.

೧೯೯೭ರಲ್ಲಿ ನನ್ನ ದೊಡ್ಡಕ್ಕನಿಗೆ ಚೊಚ್ಚಲ ಹೆರಿಗೆಯಾಯಿತು. ಧಾರವಾಡದ ಸಮೀಪದ ನಮ್ಮ ಊರಿನಲ್ಲಿ, ತವರುಮನೆಯಲ್ಲಿಯೇ ಬಾಣಂತನ. ನನಗಾಗ ಹದಿನಾರು ವರ್ಷ. ಎರಡು ರಾತ್ರಿಗಳ ನೋವಿನ ನಂತರ ಹೆಣ್ಣು ಮಗು ಹುಟ್ಟಿತು. ಮೂರನೆಯ ದಿನದಿಂದ ಅಕ್ಕ ಮಲಗುವುದನ್ನು ಬಿಟ್ಟಳು. ನಡುರಾತ್ರಿ ಎದ್ದು ಕೂಸಿನ ಬಟ್ಟೆಗಳನ್ನು ಮಡಚುತ್ತಿದ್ದಳು, ಪಾತ್ರೆ ತಿಕ್ಕಲು ಹೋಗುತ್ತಿದ್ದಳು, ಒಂದೇ ಸಮನೆ ಮಾತನಾಡುತ್ತಿದ್ದಳು, ಹಾಡುತ್ತಿದ್ದಳು. ನೋಡಿದವರೆಲ್ಲ 'ಎಷ್ಟು ಚುರುಕಾಗಿದ್ದಾಳೆ' ಎಂದು ಮೆಚ್ಚಿದರು. ನಾಲ್ಕು ರಾತ್ರಿ ಕಣ್ಣು ಮುಚ್ಚದಿದ್ದರೂ ದಣಿವು ಕಾಣದವಳನ್ನು ಕಂಡು ಯಾರಿಗೂ ಭಯವಾಗಲಿಲ್ಲವೆಂಬುದು ಇಂದಿಗೂ ನನಗೆ ಸೋಜಿಗ. ಏಳನೆಯ ದಿನ ಆಕೆ ಕೂಸನ್ನು ನೋಡಿ, ಇದು ನನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂದಳು.

ಮುಂದಿನದು ನಮ್ಮ ಸೀಮೆಯಲ್ಲಿ ಎಲ್ಲರೂ ಬಲ್ಲ ಕತೆ. 'ಬಾಣಂತಿ ಸನ್ನಿ' ಎಂದು ಹೆಸರಿಟ್ಟರು. ತಾಯಿತ ಕಟ್ಟಿಸಿದರು, ಧೂಪ ಹಾಕಿದರು, ಕೋಣೆಯ ಬಾಗಿಲು ಹಾಕಿದರು. ತಂದೆಯವರ ಪರಿಚಯದ ಶಿಕ್ಷಕರೊಬ್ಬರು ಬೈದು ಆಸ್ಪತ್ರೆಗೆ ಕರೆದೊಯ್ಯುವ ವೇಳೆಗೆ ಇಪ್ಪತ್ತು ದಿನಗಳಾಗಿದ್ದವು. ಎರಡು ತಿಂಗಳ ಚಿಕಿತ್ಸೆಯಿಂದ ಅಕ್ಕ ಪೂರ್ಣವಾಗಿ ಗುಣಹೊಂದಿದಳು. ಅಷ್ಟು ದಿನವೂ ಕೂಸು ನಮ್ಮ ಬಳಿ ಆಕಳ ಹಾಲು ಕುಡಿದು ಬೆಳೆಯಿತು. ಅಕ್ಕ ಮತ್ತೊಂದು ಮಗುವನ್ನು ಹಡೆಯಲಿಲ್ಲ. ಹಡೆಯಬಾರದೆಂದು ಯಾವ ವೈದ್ಯರೂ ಹೇಳಿರಲಿಲ್ಲ. ಮುಂಜಾಗ್ರತೆಯಿಂದ ಹಡೆಯಬಹುದೆಂದೂ ಯಾರೂ ಹೇಳಲಿಲ್ಲ.

ಹೆರಿಗೆಯ ನಂತರದ ಮನೋವಿಕಾರಗಳಲ್ಲಿ ಮೂರು ಮಟ್ಟಗಳನ್ನು ವೈದ್ಯರು ಗುರುತಿಸುತ್ತಾರೆ. ಮೂರನೆಯ ದಿನದ ಆಸುಪಾಸಿನಲ್ಲಿ ಕಾರಣವಿಲ್ಲದೆ ಅಳು ಬರುವುದು, ಸಿಡುಕು, ಬೇಸರ. ಇದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಬಂದು ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಇದು ರೋಗವಲ್ಲ. ಎರಡನೆಯದು ಪ್ರಸವೋತ್ತರ ಖಿನ್ನತೆ. ವಾರಗಳು ತಿಂಗಳುಗಳು ಕಳೆದರೂ ಬಿಡದ ಮಂಕು, ಮಗುವಿನ ಮೇಲೆ ಮನಸ್ಸು ಓಡದಿರುವುದು, ತಾನು ಕೆಟ್ಟ ತಾಯಿಯೆಂಬ ಕೊರಗು, ಕೆಲವೊಮ್ಮೆ ಸಾಯುವ ಯೋಚನೆ. ಭಾರತದಲ್ಲಿ ನಡೆದ ೩೮ ಅಧ್ಯಯನಗಳನ್ನು ಕೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ೨೦೧೭ರಲ್ಲಿ ಪ್ರಕಟವಾದ ಲೆಕ್ಕದ ಮೇರೆಗೆ ಇದು ಶೇಕಡಾ ೨೨ರಷ್ಟು ತಾಯಂದಿರನ್ನು ಬಾಧಿಸುತ್ತದೆ. ಮೂರನೆಯದು ನನ್ನ ಅಕ್ಕನಿಗೆ ಬಂದದ್ದು, ಪ್ರಸವೋತ್ತರ ಚಿತ್ತವಿಭ್ರಮೆ. ಸಾವಿರ ಹೆರಿಗೆಗಳಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ ಬರುವಂಥದು; ಆದರೆ ಬಂದರೆ ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಬಹುತೇಕ ಮೊದಲ ಎರಡು ವಾರಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಇದು ನವನಾಗರಿಕತೆಯ ರೋಗವೆಂದು ಮೂಗು ಮುರಿಯುವ ಹಿರಿಯರು ಒಂದು ವಿಷಯ ತಿಳಿಯಬೇಕು: ಲೂಯಿ ವಿಕ್ಟರ್ ಮಾರ್ಸೆ ಎಂಬ ಫ್ರೆಂಚ್ ವೈದ್ಯ ಈ ಕುರಿತು ಇಡಿಯ ಗ್ರಂಥವನ್ನೇ ರಚಿಸಿದ್ದು ೧೮೫೮ರಲ್ಲಿ. ನಮ್ಮ ಅಜ್ಜಿಯರಂತೂ ಅದಕ್ಕೆ ಕನ್ನಡದಲ್ಲಿಯೇ ಹೆಸರಿಟ್ಟಿದ್ದರು.

ಇನ್ನು ನಿದ್ರೆಯ ಮಾತು. ಹಸುಗೂಸಿಗೆ ಹಗಲು ರಾತ್ರಿಗಳ ಭೇದವಿಲ್ಲ; ಎರಡು ಮೂರು ತಾಸಿಗೊಮ್ಮೆ ಹಾಲು ಬೇಕು. ದೇಹದೊಳಗೆ ಹಗಲಿರುಳುಗಳ ಲಯ ನೆಲೆಗೊಳ್ಳಲು ಕೂಸಿಗೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ತಾಯಿಯ ನಿದ್ರೆ ಚೂರುಚೂರಾಗುತ್ತದೆ. ಒಟ್ಟು ತಾಸುಗಳನ್ನು ಕೂಡಿಸಿದರೆ ಆರು ಆಗಬಹುದು; ಆದರೆ ಒಂದೂವರೆ ತಾಸಿನ ನಾಲ್ಕು ತುಂಡುಗಳು ಆರು ತಾಸಿನ ಒಂದು ನಿದ್ರೆಗೆ ಸಮವಲ್ಲ. ಇದಕ್ಕೆ ಹೆರಿಗೆಯ ರಾತ್ರಿಯ ಜಾಗರಣೆ ಮೊದಲೇ ಸೇರಿರುತ್ತದೆ. ಅದೇ ವೇಳೆಗೆ, ಒಂಬತ್ತು ತಿಂಗಳು ಏರಿನಿಂತಿದ್ದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ರಸಗಳು ಕೆಲವೇ ದಿನಗಳಲ್ಲಿ ತಳಕ್ಕೆ ಇಳಿಯುತ್ತವೆ. ದೇಹದ ಲೆಕ್ಕಪತ್ರದಲ್ಲಿ ಇಷ್ಟು ದೊಡ್ಡ ಏರುಪೇರು ಇಷ್ಟು ಬೇಗ ಆಗುವ ಇನ್ನೊಂದು ಸಂದರ್ಭ ಮನುಷ್ಯನ ಆಯುಷ್ಯದಲ್ಲಿ ಸಿಗುವುದು ಕಷ್ಟ.

ನಿದ್ರೆಗೆಟ್ಟರೆ ಬೇಸರ ಬರುವುದು ಸಾಮಾನ್ಯರ ಅನುಭವ. ಆದರೆ ಕೆಲವರಲ್ಲಿ ನಿದ್ರೆಗೇಡು ಇದಕ್ಕೆ ತದ್ವಿರುದ್ಧವಾದ ಉನ್ಮಾದವನ್ನು ಹೊತ್ತಿಸುತ್ತದೆಂಬುದು ಸಾಮಾನ್ಯರಿಗೆ ತಿಳಿಯದ ಸಂಗತಿ. ಥಾಮಸ್ ವೇರ್ ಮತ್ತು ಆತನ ಸಂಗಡಿಗರು ೧೯೮೭ರಲ್ಲಿ ಒಂದು ಪ್ರಸಿದ್ಧ ಪ್ರಬಂಧವನ್ನು ಬರೆದರು. ಉನ್ಮಾದಕ್ಕೆ ಕಾರಣಗಳು ಹಲವಿದ್ದರೂ, ದುಃಖವಾಗಲಿ ಪ್ರಯಾಣವಾಗಲಿ ಹೆರಿಗೆಯಾಗಲಿ, ಅವುಗಳಲ್ಲಿ ಅನೇಕವು ನಿದ್ರೆಯ ಕಡಿತವೆಂಬ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆಂದು ಅವರ ವಾದ. ಉನ್ಮಾದ ಬಂದವರಿಗೆ ನಿದ್ರೆ ಬರುವುದಿಲ್ಲ. ನಿದ್ರೆ ಬಾರದ್ದರಿಂದ ಉನ್ಮಾದ ಬೆಳೆಯುತ್ತದೆ. ಚಕ್ರಬಡ್ಡಿಯ ಸಾಲದಂತೆ ಎಂದರೆ ನಮ್ಮ ವೃತ್ತಿಯವರಿಗೆ ಬೇಗ ಅರ್ಥವಾದೀತು. ಉನ್ಮಾದ ಮತ್ತು ಖಿನ್ನತೆಗಳು ಸರದಿಯಲ್ಲಿ ಬರುವ ದ್ವಿಧ್ರುವ ರೋಗದ ಮಹಿಳೆಯರನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ನಿದ್ರೆಗೆಟ್ಟಾಗ ತಮಗೆ ಉನ್ಮಾದ ಕೆರಳುತ್ತದೆಂದು ಹೇಳಿದವರಲ್ಲಿ ಬಾಣಂತಿ ಚಿತ್ತವಿಭ್ರಮೆಯ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು ಇತ್ತೆಂದು ಅದರಲ್ಲಿ ಕಂಡುಬಂದಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಮನೆಯ ಹಿರಿಯರು ಗಟ್ಟಿಯಾಗಿ ನೆನಪಿಡಬೇಕು. ಕೂಸು ಎಬ್ಬಿಸಿದ್ದರಿಂದ ನಿದ್ರೆ ಕೆಡುವುದು ಒಂದು. ಕೂಸು ನೆಮ್ಮದಿಯಾಗಿ ಮಲಗಿರುವಾಗಲೂ ತಾಯಿಗೆ ನಿದ್ರೆ ಬಾರದಿರುವುದು ಮತ್ತೊಂದು. ಎರಡನೆಯದು ಎರಡು ರಾತ್ರಿ ಮುಂದುವರಿದರೆ ವೈದ್ಯರಿಗೆ ತಿಳಿಸಬೇಕು. ಅದರ ಜೊತೆಗೆ ಅತಿಯಾದ ಮಾತು, ಅತಿಯಾದ ಉತ್ಸಾಹ, ಸಂಶಯ, ತಬ್ಬಿಬ್ಬು ಕಂಡರೆ ಮರುದಿನದವರೆಗೂ ಕಾಯಬಾರದು. 'ಎಷ್ಟು ಚುರುಕಾಗಿದ್ದಾಳೆ' ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಾಗಾದರೆ ನಿದ್ರೆ ಎಲ್ಲ ತಾಯಂದಿರದೂ ಕೆಡುತ್ತದೆ. ಕೆಲವರಿಗೇ ಏಕೆ ಹೀಗಾಗಬೇಕು? ಇಲ್ಲಿಯೇ ವಂಶದ ಮಾತು ಬರುವುದು. ಸ್ವೀಡನ್ ದೇಶದ ಅವಳಿ ಸೋದರಿಯರನ್ನೂ ಒಡಹುಟ್ಟಿದ ಸೋದರಿಯರನ್ನೂ ಹೋಲಿಸಿ ೨೦೧೬ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗರ್ಭಿಣಿ ಬಾಣಂತಿಯರ ಖಿನ್ನತೆಯಲ್ಲಿ ಅನುವಂಶೀಯತೆಯ ಪಾಲು ಅವಳಿಗಳ ಲೆಕ್ಕದಲ್ಲಿ ಶೇಕಡಾ ೫೪, ಸೋದರಿಯರ ಲೆಕ್ಕದಲ್ಲಿ ಶೇಕಡಾ ೪೪ ಎಂದು ಕಂಡಿತು. ಇತರ ಕಾಲದಲ್ಲಿ ಬರುವ ಖಿನ್ನತೆಗೆ ಅದೇ ಸೋದರಿಯರ ಲೆಕ್ಕದಲ್ಲಿ ಅದು ೩೨ ಮಾತ್ರ. ಎಂದರೆ ಹೆರಿಗೆಯ ಕಾಲದ ಖಿನ್ನತೆಗೆ ರಕ್ತಸಂಬಂಧದ ನಂಟು ಹೆಚ್ಚು ಬಿಗಿ. ಅದರಲ್ಲಿ ಮೂರನೆಯ ಒಂದು ಪಾಲು ಆ ಕಾಲಕ್ಕೇ ವಿಶಿಷ್ಟವಾದದ್ದು. ಶೇಕಡಾ ೫೪ ಎಂದ ಕೂಡಲೇ ನೂರರಲ್ಲಿ ಐವತ್ತನಾಲ್ಕು ಹೆಣ್ಣುಮಕ್ಕಳಿಗೆ ತಾಯಿಯಿಂದ ರೋಗ ಬರುತ್ತದೆಂದು ಯಾರೂ ಗಾಬರಿಯಾಗಬೇಕಾಗಿಲ್ಲ. ನಾನೂ ಮೊದಲು ಹಾಗೆಯೇ ತಪ್ಪು ತಿಳಿದಿದ್ದೆ. ಒಂದು ಜನಸಮುದಾಯದಲ್ಲಿ ಒಬ್ಬರಿಗೆ ರೋಗ ಬಂದು ಇನ್ನೊಬ್ಬರಿಗೆ ಬಾರದಿರುವ ಅಂತರದಲ್ಲಿ ಎಷ್ಟು ಭಾಗವನ್ನು ವಂಶವಾಹಿಗಳ ಖಾತೆಗೆ ಬರೆಯಬಹುದೆಂಬುದು ಆ ಅಂಕೆಯ ಅರ್ಥ. ಒಬ್ಬ ಸೀತಮ್ಮನದೋ ಗಿರಿಜಮ್ಮನದೋ ಭವಿಷ್ಯವನ್ನು ಅದು ಹೇಳುವುದಿಲ್ಲ.

ಒಂದೇ ವಂಶವಾಹಿಯನ್ನು ಬೊಟ್ಟುಮಾಡಿ ತೋರಿಸಲಾಗದೆಂಬುದೂ ನಿಜ. ೨೦೨೩ರಲ್ಲಿ ಪ್ರಸವೋತ್ತರ ಖಿನ್ನತೆಗೊಳಗಾದ ಹದಿನೆಂಟು ಸಾವಿರಕ್ಕೂ ಮಿಕ್ಕಿ ಮಹಿಳೆಯರ ವಂಶವಾಹಿಗಳ ಪರಿಶೀಲನೆ ಪ್ರಕಟವಾಯಿತು. ಅವರಲ್ಲಿ ಬಹುಪಾಲು ಯೂರೋಪಿನ ಮೂಲದವರು. ಇಂಥದೇ ಅಪರಾಧಿಯೆಂದು ಯಾವುದೊಂದನ್ನೂ ಹಿಡಿಯಲಾಗಲಿಲ್ಲ. ಸಣ್ಣಸಣ್ಣ ಪಾಲುಗಾರರು ಅಸಂಖ್ಯ. ಆದರೆ ನನ್ನ ವಾದಕ್ಕೆ ಬೇಕಾದ ಒಂದು ಸಂಗತಿ ಅಲ್ಲಿ ಕಂಡಿತು. ಈ ಖಿನ್ನತೆಯ ಅನುವಂಶೀಯ ಬೇರುಗಳು ದ್ವಿಧ್ರುವ ರೋಗ, ಆತಂಕ ಮುಂತಾದವುಗಳ ಬೇರುಗಳೊಂದಿಗೆ ಮಾತ್ರವಲ್ಲದೆ ನಿದ್ರಾಹೀನತೆಯ ಬೇರುಗಳೊಂದಿಗೂ ಹೆಣೆದುಕೊಂಡಿವೆ. ನಿದ್ರೆ ಬೇರೆ, ವಂಶ ಬೇರೆ ಎಂದು ನಾವು ಎರಡು ಕಡತಗಳಲ್ಲಿ ಇಟ್ಟದ್ದು ದೇಹದೊಳಗೆ ಒಂದೇ ಕಡತವಿರಬಹುದು.

ಚಿತ್ತವಿಭ್ರಮೆಯ ವಿಷಯದಲ್ಲಂತೂ ವಂಶದ ಸಾಕ್ಷ್ಯ ಇನ್ನೂ ಬಲವಾದದ್ದು. ದ್ವಿಧ್ರುವ ರೋಗದ ಮಹಿಳೆಯರ ಹೆರಿಗೆಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದರ ನಂತರ ಅದು ಬಂದಿತ್ತೆಂದೂ, ಅಂಥವರ ಹತ್ತಿರದ ರಕ್ತಸಂಬಂಧಿಗೂ ಬಾಣಂತನದಲ್ಲಿ ಹಾಗಾಗಿದ್ದರೆ ಅದು ಅರ್ಧಕ್ಕಿಂತ ಹೆಚ್ಚು ಹೆರಿಗೆಗಳಿಗೆ ಏರಿತೆಂದೂ ೨೦೦೧ರ ಬ್ರಿಟಿಷ್ ಅಧ್ಯಯನವೊಂದು ತೋರಿಸಿತು. ಹೀಗಿರುವಾಗ 'ನಿಮ್ಮ ತಾಯಿಗೆ ಹೇಗಾಗಿತ್ತು' ಎಂಬ ಪ್ರಶ್ನೆ ಅಧಿಕಪ್ರಸಂಗ ಹೇಗಾದೀತು? ಹತ್ತು ಲಕ್ಷದ ಸಾಲ ಕೊಡುವ ಮೊದಲು ನಾವು ಅರ್ಜಿದಾರನ ಹಿಂದಿನ ಸಾಲಗಳ ಚರಿತ್ರೆಯನ್ನೆಲ್ಲ ತಿರುವಿ ನೋಡುತ್ತೇವೆ. ಒಂದು ಜೀವದ ವಿಷಯದಲ್ಲಿ ಅಷ್ಟೂ ಬೇಡವೆ?

ನಮ್ಮ ಮನೆಯ ಚರಿತ್ರೆ ನನಗೆ ತಿಳಿದದ್ದು ೨೦೧೯ರಲ್ಲಿ, ತಂದೆಯವರು ತೀರಿಕೊಂಡ ಮೇಲೆ. ತಾಯಿಯ ತಾಯಿ ಮೂರನೆಯ ಹೆರಿಗೆಯ ನಂತರ 'ವಿಶ್ರಾಂತಿಗೆಂದು ಒಂದು ವರ್ಷ ತವರಿನಲ್ಲಿದ್ದರು' ಎಂದೇ ನಾವು ಕೇಳಿಕೊಂಡು ಬಂದವರು. ಅದು ವಿಶ್ರಾಂತಿಯಾಗಿರಲಿಲ್ಲ. ನನ್ನ ತಾಯಿಯೂ ನಾನು ಹುಟ್ಟಿದಾಗ ನಾಲ್ಕು ತಿಂಗಳು ಯಾರೊಡನೆಯೂ ಮಾತನಾಡಲಿಲ್ಲವಂತೆ. ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ಎಲ್ಲವನ್ನೂ ಮುಚ್ಚಿಟ್ಟಿದ್ದರು. ಅವರನ್ನು ನಾನು ದೂರುವುದಿಲ್ಲ. 'ಅವರ ಮನೆತನದಲ್ಲಿ ಹುಚ್ಚು ಇದೆ' ಎಂಬ ಒಂದು ಮಾತು ಮೂರು ಸೋದರಿಯರ ಬಾಳನ್ನು ಕೆಡಿಸುವ ಸಮಾಜ ನಮ್ಮದು. ಆದರೆ ಆ ಮೌನದ ಬೆಲೆಯನ್ನು ತೆತ್ತವಳು ದೊಡ್ಡಕ್ಕ. ವಂಶದಲ್ಲಿದ್ದರೆ ಬಂದೇ ತೀರುತ್ತದೆಂಬ ಭಯವೂ ಸುಳ್ಳು. ಅದೇ ರಕ್ತದ ನಡುವಿನ ಅಕ್ಕ ಎರಡು ಹಡೆದು ಎರಡು ಬಾರಿಯೂ ನಗುನಗುತ್ತ ಇದ್ದಳು.

ನಮ್ಮ ಹಳೆಯ ಬಾಣಂತನದ ಪದ್ಧತಿಯ ಬಗ್ಗೆ ನನಗೆ ಎರಡು ಮನಸ್ಸುಗಳಿವೆ. ಹೊಗೆ ತುಂಬಿದ ಕೋಣೆ, ನೀರು ಕುಡಿಸದಿರುವುದು, 'ಹಡದಾಕಿ ಹಗಲಾಗ ಮಲಗಬಾರದು, ಮೈಯಾಗ ನೀರು ತುಂಬತದ' ಎಂಬ ನಮ್ಮಜ್ಜಿಯ ಕಟ್ಟುಪಾಡು, ಇವುಗಳನ್ನು ನಾನು ಸಮರ್ಥಿಸಲಾರೆ. ಆದರೆ ತವರಿನಲ್ಲಿ ಮೂರು ತಿಂಗಳು, ಎಣ್ಣೆನೀರು, ಅಂಟಿನ ಉಂಡೆ, ಕೂಸನ್ನು ಎತ್ತಿಕೊಳ್ಳಲು ಐದಾರು ಕೈಗಳು, ಇದೆಲ್ಲ ತಾಯಿಗೆ ನಿದ್ರೆಯನ್ನು ದೊರಕಿಸುವ ಏರ್ಪಾಡೂ ಆಗಿತ್ತು. ಮುಂಬಯಿ, ಪುಣೆಗಳಿಗೆ ಬಂದ ನಾವು ಉಂಡೆಯನ್ನು ಪಾರ್ಸಲ್ಲಿನಲ್ಲಿ ತರಿಸಿಕೊಂಡೆವು, ಕೈಗಳನ್ನು ತರಿಸಿಕೊಳ್ಳಲಾಗಲಿಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಊರಿನಿಂದ ಬಂದ ಅರವತ್ತೈದರ ತಾಯಿ, ಬೆಳಗ್ಗೆ ಏಳರ ಲೋಕಲ್ ಹಿಡಿಯಬೇಕಾದ ಗಂಡ, ಗೋಡೆಯಾಚೆ ಭಾಷೆ ಬಾರದ ನೆರೆಮನೆ. ರಾತ್ರಿಯ ಪಾಳಿ ಯಾರದು? ಹೆತ್ತವಳದೇ.

ಇನ್ನೊಂದು ಮಾತನ್ನು ಹೇಳಿದರೆ ಹಿರಿಯರು ಮುನಿಯಬಹುದು. ಚಿತ್ತವಿಭ್ರಮೆಯ ಅಪಾಯ ಹೆಚ್ಚಾಗಿರುವುದು ಮೊದಲ ಎರಡು ವಾರಗಳಲ್ಲಿ. ನಾವು ಮನೆತುಂಬ ಜನ ಸೇರಿಸುವುದೂ ಸರಿಯಾಗಿ ಆಗಲೇ. ಐದನೆಯ ರಾತ್ರಿ ಶೆಟಗೆವ್ವ ಬಂದು ಹಣೆಬರಹ ಬರೆಯುತ್ತಾಳೆಂಬ ಪೂಜೆ, ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ತೊಟ್ಟಿಲು, ನಾಮಕರಣ, ಸೀರೆ ಉಡಿಸಿ ಕೂರಿಸಿ ನೂರು ಜನರ ಆರತಿ. ಶಾಸ್ತ್ರ ಬೇಡವೆನ್ನುತ್ತಿಲ್ಲ, ಮನೆಯವರಷ್ಟೇ ಮಾಡಿ ಮುಗಿಸಿ, ನೆಂಟರನ್ನು ಮೂರನೆಯ ತಿಂಗಳಿಗೆ ಕರೆದರೆ ಯಾವ ದೇವರೂ ಕೋಪಿಸಿಕೊಳ್ಳಲಾರ.

ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಇಪ್ಪತ್ತನಾಲ್ಕು ತಾಸಿನಲ್ಲಿ ಒಮ್ಮೆಯಾದರೂ ನಾಲ್ಕೈದು ತಾಸಿನ ಅಖಂಡ ನಿದ್ರೆ ತಾಯಿಗೆ ಸಿಗಬೇಕೆಂಬುದು ಇಂದಿನ ಮನೋವೈದ್ಯರ ಸಲಹೆ. ರಾತ್ರಿ ಹತ್ತಕ್ಕೆ ಹಾಲೂಡಿಸಿ ಆಕೆ ಬೇರೆ ಕೋಣೆಯಲ್ಲಿ ಮಲಗಲಿ. ನಡುವಿನ ಒಂದು ಹೊತ್ತಿಗೆ ಮೊದಲೇ ತೆಗೆದಿಟ್ಟ ತಾಯಿಯ ಹಾಲನ್ನು ಗಂಡನೋ ಅಜ್ಜಿಯೋ ಕುಡಿಸಲಿ. ಇದನ್ನು ಹೇಗೆ ಹೊಂದಿಸಬೇಕೆಂದು ವೈದ್ಯರನ್ನು ಹೆರಿಗೆಗೆ ಮುಂಚೆಯೇ ಕೇಳಬೇಕು. ಮೊದಲೇ ಮನೋರೋಗದ ಔಷಧ ತೆಗೆದುಕೊಳ್ಳುತ್ತಿರುವವರು ಗರ್ಭಿಣಿಯೆಂದು ತಿಳಿದೊಡನೆ ತಾವಾಗಿ ನಿಲ್ಲಿಸಬಾರದು. ೨೦೧೫ರ ಒಪ್ಪಂದದಿಂದ ಬ್ಯಾಂಕಿನ ನೌಕರರಿಗೆ ಹದಿನೈದು ದಿನಗಳ ಪಿತೃತ್ವ ರಜೆ ದೊರೆತಿದೆ. ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಕೆಲವರು ಅದನ್ನು ಹಗಲು ಅತಿಥಿ ಸತ್ಕಾರದಲ್ಲಿಯೂ ರಾತ್ರಿ ಗಾಢನಿದ್ರೆಯಲ್ಲಿಯೂ ಕಳೆಯುವುದನ್ನು ಕಂಡಿದ್ದೇನೆ. ಖಾಸಗಿ ಕಂಪನಿಗಳಲ್ಲಿರುವವರಿಗೆ ಕಾನೂನಿನಿಂದ ಅಷ್ಟೂ ಇಲ್ಲ.

ಸಂಘದ ಮಹಿಳಾ ವಿಭಾಗಕ್ಕೆ ನನ್ನದೊಂದು ಸೂಚನೆಯಿದೆ. ನಿವೃತ್ತರಾದ, ಮಕ್ಕಳು ವಿದೇಶದಲ್ಲಿರುವ ಹಿರಿಯ ಸದಸ್ಯೆಯರು ನಮ್ಮಲ್ಲಿ ಅನೇಕರಿದ್ದಾರೆ. ವಾರಕ್ಕೆ ಎರಡು ಮಧ್ಯಾಹ್ನ ಒಂದು ಬಾಣಂತಿಯ ಮನೆಗೆ ಹೋಗಿ, ಆಕೆಗೆ ಮಲಗಲು ಹೇಳಿ, ಕೂಸನ್ನು ಎತ್ತಿಕೊಂಡು ಕೂರಲು ಒಪ್ಪುವವರ ಪಟ್ಟಿಯೊಂದನ್ನು ಸಂಘದ ಕಛೇರಿಯಲ್ಲಿ ಇಡಬಾರದೆ? ರಾಜ್ಯೋತ್ಸವದ ಒಂದು ಹಾರದ ಖರ್ಚೂ ಇದಕ್ಕೆ ತಗಲದು.

ರೋಗ ಬಂದೇ ಬಿಟ್ಟರೆ ಏನೆಂಬುದನ್ನೂ ತಿಳಿದಿರಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೦೯ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವಿದೆ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸತಕ್ಕದ್ದಲ್ಲ. ವಿಮಾ ಕಂಪನಿಗಳು ಮನೋರೋಗವನ್ನು ದೇಹರೋಗದಂತೆಯೇ ಕಾಣಬೇಕು. ೨೦೨೨ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ದೂರವಾಣಿ ೧೪೪೧೬ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಮುಂಬಯಿಯ ವೈದ್ಯರೆದುರು ಹಿಂದಿಯಲ್ಲಿ ಹೇಳಲಾಗದ ದುಃಖವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಬಹುದೆಂಬುದು ಸಣ್ಣ ಮಾತಲ್ಲ.

೧೯೯೭ರಲ್ಲಿ ಹುಟ್ಟಿದ ಆ ಕೂಸು, ನನ್ನ ಅಕ್ಕನ ಮಗಳು, ೨೦೨೪ರಲ್ಲಿ ಗರ್ಭಿಣಿಯಾದಳು. ಆಕೆ ಠಾಣೆಯಲ್ಲಿದ್ದಾಳೆ. ಹೇಳುವುದೋ ಬಿಡುವುದೋ ಎಂದು ನಾನು ತಿಂಗಳು ಕಳೆದೆ. 'ನನಗ ಆದದ್ದು ಆಕಿಗೆ ಗೊತ್ತಿರಬೇಕು, ನಾನs ಹೇಳತೇನಿ' ಎಂದು ಅಕ್ಕನೇ ಬಂದು, ಮಗಳನ್ನೂ ಅಳಿಯನನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಹುಡುಗಿ ಅಳಲಿಲ್ಲ. ನನ್ನ ಕಡೆ ತಿರುಗಿ, 'ಮಾಮಾ, ಇಷ್ಟ ದಿನಾ ಯಾಕ ಹೇಳಲಿಲ್ಲ?' ಎಂದು ಸಿಟ್ಟಾದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರ ಆಕೆಯೇ ಹೆರಿಗೆ ವೈದ್ಯರಿಗೆ ಹೇಳಿ, ಮನೋವೈದ್ಯರನ್ನೂ ಕಂಡು ಬಂದಳು.

ಹೆರಿಗೆಯಾದ ದಿನದಿಂದ ಅಕ್ಕ ಹಳೆಯ ಡೈರಿಯೊಂದರಲ್ಲಿ ಎರಡು ಅಂಕಣ ಹಾಕಿ ಬರೆಯತೊಡಗಿದಳು: ಕೂಸು ಹಾಲು ಕುಡಿದ ವೇಳೆ, ಮಗಳು ಮಲಗಿದ ವೇಳೆ. ಅಳಿಯ ರಾತ್ರಿ ಎರಡರವರೆಗೆ, ಅಲ್ಲಿಂದ ಅಕ್ಕ. ಎಂಟನೆಯ ರಾತ್ರಿ ಕೂಸು ಮಲಗಿದರೂ ತಾಯಿಗೆ ನಿದ್ರೆ ಬರಲಿಲ್ಲ. ಒಂಬತ್ತನೆಯ ರಾತ್ರಿಯೂ ಬರಲಿಲ್ಲ. ಬೆಳಗಾಗುವುದರೊಳಗೆ ವೈದ್ಯರಿಗೆ ಫೋನು ಹೋಯಿತು, ಅಂದೇ ಔಷಧ ಆರಂಭವಾಯಿತು. ಹನ್ನೊಂದನೆಯ ದಿನದ ಪುಟದಲ್ಲಿ ಅಕ್ಕನ ಕೈಬರಹದಲ್ಲಿ ಹೀಗಿದೆ: ರಾತ್ರಿ ೧೦-೩೦ರಿಂದ ೪-೦೦, ಎಚ್ಚರವಿಲ್ಲ.